ಬಜೆಟ್ ಆ್ಯಪ್: ಸರಕೆಲ್ಲ ಇದೆ, ಗಲ್ಲಾದಲ್ಲಿ ಯಾರೂ ಇಲ್ಲ

ಧಾರವಾಡದ ಸುಭಾಸ ರಸ್ತೆಯ ಆಸುಪಾಸಿನ ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಕಿರಾಣಿ, ಬಟ್ಟೆ, ಸ್ಟೇಷನರಿ, ಒಂದೆರಡು ಖಾನಾವಳಿ. ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ, ಬ್ಯಾಂಕ್ ಸಾಲಕ್ಕೆ ಬೇಕಾದ ಕಾಗದ ಪತ್ರ, ಇಷ್ಟೇ. ಆದರೆ ಫೆಬ್ರವರಿ ಬಂತೆಂದರೆ ಇನ್ನೊಂದು ಕೆಲಸ ಪುಕ್ಕಟೆಯಾಗಿ ಗಂಟು ಬೀಳುತ್ತದೆ. ಬಂದವರೆಲ್ಲ ಕುರ್ಚಿ ಎಳೆದುಕೊಂಡು ಕೇಳುವುದು ಒಂದೇ ಪ್ರಶ್ನೆ: "ಸರ, ಈ ಸಲ ಬಜೆಟ್‌ನ್ಯಾಗ ನಮಗೇನ ಐತ್ರಿ?"

ಟಿವಿ ನೋಡಿ ಹೇಳೋಣವೆಂದರೆ ಅಲ್ಲಿ ಐದು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ. ವಾಟ್ಸಾಪ್‌ನಲ್ಲಿ ಬರುವ ಪಟ್ಟಿಗಳನ್ನು ನಂಬಿದರೆ ನನ್ನ ಕಸುಬೇ ಹೋಗುತ್ತದೆ. ಹಾಗಾಗಿ ಮೂಲಕ್ಕೇ ಕೈ ಹಾಕೋಣ ಎಂದು ಕೇಂದ್ರ ಸರ್ಕಾರದ ‘ಯೂನಿಯನ್ ಬಜೆಟ್’ ಆ್ಯಪ್ ಹಾಕಿಕೊಂಡೆ. ಅದರ ಜೊತೆಗಿರುವ ಬಜೆಟ್ ವೆಬ್‌ಸೈಟನ್ನೂ ಬಳಸುತ್ತೇನೆ. ಇದು ಅವೆರಡರ ವಿಮರ್ಶೆ. ಅರ್ಥಶಾಸ್ತ್ರ ಓದಿದವರಿಗೆ ಇದು ಹೇಗಿದೆ ಎನ್ನುವುದು ನನಗೆ ಮುಖ್ಯವಲ್ಲ. ಕಿರಾಣಿ ಅಂಗಡಿಯವರಿಗೆ, ಖಾನಾವಳಿ ನಡೆಸುವವರಿಗೆ ಇದರಿಂದ ಏನಾದರೂ ದಕ್ಕುತ್ತದೆಯೇ ಅನ್ನುವುದಷ್ಟೇ ನನ್ನ ಅಳತೆ.

ಮೊದಲು ಆ್ಯಪ್ ಬಗ್ಗೆ ಎರಡು ಮಾತು. 2021ರ ಜನವರಿಯಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಬಜೆಟ್ ತಯಾರಿಯ ಕೊನೆಯ ಹಂತದಲ್ಲಿ ಸಚಿವಾಲಯದವರಿಗೆ ಹಲ್ವಾ ಹಂಚುವ ಕಾರ್ಯಕ್ರಮದ ದಿನವೇ ಇದನ್ನು ಬಿಡುಗಡೆ ಮಾಡಿದರು. ಕೊರೊನಾ ಕಾಲ ಅದು. ಆ ವರ್ಷ ಬಜೆಟ್ ಪುಸ್ತಕಗಳನ್ನು ಅಚ್ಚು ಹಾಕಿಸದೆ ಎಲ್ಲವನ್ನೂ ಕಂಪ್ಯೂಟರಿಗೆ, ಮೊಬೈಲಿಗೆ ತಂದರು. ಆ್ಯಪ್ ತಯಾರಿಸಿದ್ದು ಸರ್ಕಾರದ್ದೇ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ. ಬಜೆಟ್ ಭಾಷಣದಿಂದ ಹಿಡಿದು ಹಣಕಾಸು ಮಸೂದೆಯವರೆಗೆ 14 ದಾಖಲೆಗಳು ಇದರಲ್ಲಿವೆ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಸಿಗುತ್ತದೆ. ದುಡ್ಡಿಲ್ಲ. ಹುಡುಕಬಹುದು, ಅಕ್ಷರ ಹಿಗ್ಗಿಸಬಹುದು, ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ತೆಗೆಯಬಹುದು. ಸಂಸತ್ತಿನಲ್ಲಿ ಭಾಷಣ ಮುಗಿದ ಮೇಲೆ ದಾಖಲೆಗಳೆಲ್ಲ ಬಂದು ಕೂರುತ್ತವೆ.

ಇದು ಸಣ್ಣ ಮಾತಲ್ಲ. ಒಂದು ಕಾಲಕ್ಕೆ ಪತ್ರಕರ್ತರು, ಸಂಸದರಷ್ಟೇ ನೋಡುತ್ತಿದ್ದ ಕಟ್ಟುಗಟ್ಟಲೆ ಕಾಗದ ಈಗ ನನ್ನ ಜೇಬಿನಲ್ಲಿದೆ. ಮುಚ್ಚುಮರೆ ಏನೂ ಇಲ್ಲ. ಆ ಮಟ್ಟಿಗೆ ನನ್ನ ಪೂರ್ತಿ ಅಂಕ.

ಆದರೆ ತೆರೆದ ಕೂಡಲೇ ಗೊತ್ತಾಗುವ ಸಂಗತಿ ಇನ್ನೊಂದಿದೆ. ಭಾಷೆ ಎರಡೇ, ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಇಲ್ಲ, ತಮಿಳು ಇಲ್ಲ, ಮರಾಠಿಯೂ ಇಲ್ಲ. ಇನ್ನು ದಾಖಲೆಗಳೋ, ಪುಸ್ತಕಕ್ಕೆಂದು ಮಾಡಿದ ಪುಟಗಳನ್ನು ಹಾಗೇ ಎತ್ತಿ ಮೊಬೈಲಿಗೆ ಹಾಕಿದ್ದಾರೆ. ನಾಲ್ಕು ಕಾಲಮ್ಮಿನ ಕೋಷ್ಟಕವನ್ನು ಅಂಗೈಯಗಲದ ಪರದೆಯ ಮೇಲೆ ಆ ಕಡೆ ಈ ಕಡೆ ಎಳೆದಾಡಿ ಓದಬೇಕು. ದೊಡ್ಡ ಗೋದಾಮು, ಸರಕು ಚಾವಣಿ ಮುಟ್ಟುವಷ್ಟಿದೆ, ಬಾಗಿಲೂ ತೆರೆದೇ ಇದೆ. ಆದರೆ ‘ನಿಮಗೇನು ಬೇಕಿತ್ತು?’ ಎಂದು ಕೇಳಲು ಗಲ್ಲಾದ ಮೇಲೆ ಯಾರೂ ಇಲ್ಲ.

ಇರಲಿ. ಇಡೀ ಗೋದಾಮಿನಲ್ಲಿ ನಾನು ಎಲ್ಲರಿಗೂ ತೋರಿಸುವ ಒಂದು ಪುಟ ಇದೆ. ‘ಬಜೆಟ್ ಅಟ್ ಎ ಗ್ಲಾನ್ಸ್’ ಎನ್ನುವ ದಾಖಲೆಯಲ್ಲಿ ‘ರೂಪಾಯಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ’ ಎಂಬ ಎರಡು ಚಕ್ರಗಳು. 2025-26ರದ್ದನ್ನು ನೋಡಿ. ಸರ್ಕಾರಕ್ಕೆ ಬರುವ ಒಂದು ರೂಪಾಯಿಯಲ್ಲಿ ಸಾಲದ್ದು 24 ಪೈಸೆ. ಆದಾಯ ತೆರಿಗೆ 22, ಜಿಎಸ್‌ಟಿ 18, ಕಂಪನಿಗಳ ತೆರಿಗೆ 17. ತೆರಿಗೆಯಲ್ಲದ ಆದಾಯ 9, ಕೇಂದ್ರ ಅಬಕಾರಿ ಸುಂಕ 5, ಆಮದು ಸುಂಕ 4, ಉಳಿದದ್ದು 1. ಹೋಗುವ ಕಡೆ ರಾಜ್ಯಗಳ ಪಾಲು 22 ಪೈಸೆ, ಬಡ್ಡಿ 20, ಕೇಂದ್ರದ ಯೋಜನೆಗಳು 16. ರಕ್ಷಣೆಗೆ 8, ಸಬ್ಸಿಡಿಗೆ 6, ಪಿಂಚಣಿಗೆ 4, ಹೀಗೆ.

ಬೇಕಿದ್ದರೆ ಪರೀಕ್ಷೆ ಮಾಡಿ ನೋಡಿ. ಈ ಪುಟ ಕೊಟ್ಟರೆ ಯಾರೂ ಸುಮ್ನೆ ಕೂರುವುದಿಲ್ಲ. ನನ್ನ ಗಿರಾಕಿಯೊಬ್ಬರು ಕಿರಾಣಿ ಅಂಗಡಿಯವರು. ಏಳನೇ ಇಯತ್ತೆ ಓದಿದ್ದಾರೆ, ಬಾಯಿಲೆಕ್ಕದಲ್ಲಿ ನನ್ನನ್ನು ಮೀರಿಸುತ್ತಾರೆ. ಮೊದಲು ಅವರ ಕಣ್ಣಿಗೆ ಬಿದ್ದದ್ದು 24 ಮತ್ತು 20. "ಅಂದ್ರ ತಗೊಂಡ ಸಾಲದಾಗ ಜಾಸ್ತಿ ಪಾಲು ಬಡ್ಡಿಗೇ ಹೊಕ್ಕೈತಲ್ರೀ?" ಎಂದರು. ಹೌದು ಎಂದೆ. ಸಾಲ ತೆಗೆದದ್ದು ಬಡ್ಡಿ ಕಟ್ಟಲೆಂದೇ ಎಂದು ಯಾರೂ ಬರೆದಿಟ್ಟಿಲ್ಲ, ಎಲ್ಲವೂ ಒಂದೇ ಖಾತೆಗೆ ಬೀಳುತ್ತದೆ. ಆದರೂ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರಲ್ಲ, ಅದೇ ಓದು.

ಆಮೇಲೆ ಅವರು ಕ್ಯಾಲ್ಕುಲೇಟರ್ ತೆಗೆದರು. ಒಟ್ಟು ಖರ್ಚು 50.65 ಲಕ್ಷ ಕೋಟಿ, ವಿತ್ತೀಯ ಕೊರತೆ, ಅಂದರೆ ಸಾಲದಿಂದ ತುಂಬಬೇಕಾದ ಹಣ, 15.69 ಲಕ್ಷ ಕೋಟಿ ಎಂದು ಅದೇ ದಾಖಲೆಯಲ್ಲಿದೆ. ಭಾಗಿಸಿದರು. 31 ಪೈಸೆ ಬಂತು. "ಇವ್ರು 24 ಅಂತಾರ, ನನಗ 31 ಬರತೈತಿ. ಎಲ್ಲಿ ತಪ್ಪೇತ್ರಿ?"

ತಪ್ಪು ಎಲ್ಲೂ ಇಲ್ಲ. ಚಕ್ರದ ರೂಪಾಯಿಯೇ ಬೇರೆ. ಕೇಂದ್ರ ವಸೂಲಿ ಮಾಡುವ ತೆರಿಗೆಯಲ್ಲಿ ರಾಜ್ಯಗಳಿಗೆ ಕೊಡಬೇಕಾದ ಪಾಲು 14.22 ಲಕ್ಷ ಕೋಟಿ. ಮೊದಲ ಪುಟದ ಲೆಕ್ಕದಲ್ಲಿ ಅದನ್ನು ಕಳೆದೇ ಉಳಿದದ್ದನ್ನು ತೋರಿಸುತ್ತಾರೆ. ಚಕ್ರದಲ್ಲಿ ಅದನ್ನು ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿನ ಒಂದು ರೂಪಾಯಿ ಎಂದರೆ 50.65 ಅಲ್ಲ, ಎರಡೂ ಕೂಡಿ ಸುಮಾರು 64.87 ಲಕ್ಷ ಕೋಟಿ. ಈಗ 15.69ನ್ನು ಅದರಿಂದ ಭಾಗಿಸಿದರೆ 24 ಪೈಸೆ ಸರಿಯಾಗಿ ಕೂರುತ್ತದೆ. ಈ ಮಾತು ಚಕ್ರದ ಕೆಳಗೆ ಸಣ್ಣ ಟಿಪ್ಪಣಿಯಾಗಿ ಇದೆ. ಮೊಬೈಲಿನಲ್ಲಿ ಅದು ಇರುವೆ ಸಾಲಿನಂತೆ ಕಾಣುತ್ತದೆ, ಅಷ್ಟೇ.

ಇದನ್ನು ಇಷ್ಟುದ್ದ ಯಾಕೆ ಹೇಳಿದೆನೆಂದರೆ, ಅರ್ಥಶಾಸ್ತ್ರವನ್ನು ಜನಸಾಮಾನ್ಯರಿಗೆ ಮುಟ್ಟಿಸುವುದು ಎಂದರೆ ಏನು ಅನ್ನುವುದಕ್ಕೆ ನನ್ನ ಹತ್ತಿರ ಇರುವ ಪರೀಕ್ಷೆ ಇದೇ. ಕೇಳಿದವರು ತಲೆ ಆಡಿಸಿದರೆ ಸಾಲದು. ತಕರಾರು ತೆಗೆಯಬೇಕು. ತಮ್ಮ ಕ್ಯಾಲ್ಕುಲೇಟರ್ ತೆಗೆದು ‘ಇದು ಹ್ಯಾಂಗ್ರಿ?’ ಎನ್ನಬೇಕು. ಎಷ್ಟೋ ಚಂದದ ವಿಡಿಯೋಗಳಿವೆ. ಮ್ಯೂಸಿಕ್ ಹಾಕಿ, ಅಂಕಿ ಕುಣಿಸಿ, ಮೂರು ನಿಮಿಷದಲ್ಲಿ ಜಿಡಿಪಿ ಹೇಳಿ ಮುಗಿಸುತ್ತಾರೆ. ನೋಡಿದವರು ‘ಭಾರೀ ಛಲೋ ಹೇಳಿದ್ರು’ ಎನ್ನುತ್ತಾರೆ. ಏನು ಹೇಳಿದರು ಎಂದು ಕೇಳಿ ನೋಡಿ!

ಆ ಒಂದು ಪುಟ ಬಿಟ್ಟರೆ ಆ್ಯಪ್ ಈ ಪರೀಕ್ಷೆಯಲ್ಲಿ ಎಡವುತ್ತದೆ. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು 12 ಲಕ್ಷದ ಕಥೆ. 2025ರ ಫೆಬ್ರವರಿ 1ರಂದು ಎಲ್ಲರ ಬಾಯಲ್ಲೂ ಇದೇ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ, ಸಂಬಳದವರಿಗೆ 12.75 ಲಕ್ಷ. ಮರುದಿನದಿಂದಲೇ ನನ್ನ ಟೇಬಲ್ ಮುಂದೆ ಜನ. ಬಟ್ಟೆ ಅಂಗಡಿಯವರ ಮಗ ಆ್ಯಪ್‌ನಲ್ಲಿ ಭಾಷಣದ ಕೊನೆಯ ಕೋಷ್ಟಕ ತೆಗೆದು ತೋರಿಸಿದ. "ಹನ್ನೆರಡ ಲಕ್ಷ ಅಂತ ಹೇಳ್ಯಾರ. ಇಲ್ಲಿ ನೋಡ್ರಿ, ನಾಕ ಲಕ್ಷಕ್ಕ ಶುರು ಆಗೇತಿ. ಯಾವುದು ಖರೇ?"

ಎರಡೂ ಖರೇ. ಕೋಷ್ಟಕದ ಪ್ರಕಾರ 4 ಲಕ್ಷದವರೆಗೆ ಶೂನ್ಯ, 4ರಿಂದ 8ರವರೆಗೆ ಶೇ 5, 8ರಿಂದ 12ರವರೆಗೆ ಶೇ 10, ಮುಂದೆ 16ರವರೆಗೆ ಶೇ 15, ಹೀಗೆ ಏರುತ್ತಾ 24 ಲಕ್ಷ ದಾಟಿದರೆ ಶೇ 30. ಈ ಲೆಕ್ಕದಲ್ಲಿ 12 ಲಕ್ಷಕ್ಕೆ 60 ಸಾವಿರ ತೆರಿಗೆ ಬರುತ್ತದೆ. ಆ 60 ಸಾವಿರವನ್ನು ರಿಯಾಯಿತಿ ಎಂದು ಪೂರ್ತಿ ಬಿಟ್ಟುಕೊಡುತ್ತಾರೆ. ಆದರೆ ಆದಾಯ 13 ಲಕ್ಷವಾದರೆ ಆ ರಿಯಾಯಿತಿ ಇಲ್ಲ. ‘ಮೇಲಿನ ಒಂದು ಲಕ್ಷಕ್ಕಷ್ಟೇ ಅಲ್ವಾ ತೆರಿಗೆ?’ ಎಂದು ಸಾಕಷ್ಟು ಜನ ಅಂದುಕೊಂಡಿದ್ದರು. ಅಲ್ಲ. 20 ಸಾವಿರ, 40 ಸಾವಿರ, 15 ಸಾವಿರ, ಕೂಡಿ 75 ಸಾವಿರ. ಮೇಲೆ ಶೇ 4ರ ಸೆಸ್ ಸೇರಿ 78 ಸಾವಿರ. 12 ಲಕ್ಷಕ್ಕಿಂತ ಸ್ವಲ್ಪವೇ ಮೇಲಿದ್ದವರಿಗೆ ಮಾತ್ರ ಒಂದಿಷ್ಟು ಸಡಿಲಿಕೆ ಇದೆ. ಷೇರು ಮಾರಿ ಬಂದ ಲಾಭದಂಥ ಆದಾಯಕ್ಕೆ ಈ ರಿಯಾಯಿತಿ ಹೊಂದುವುದಿಲ್ಲ.

ಇಷ್ಟನ್ನೂ ಸರ್ಕಾರ ಬರೆದೇ ಇಟ್ಟಿದೆ. ಎಲ್ಲಿ? ಭಾಷಣದಲ್ಲಿ ಒಂದು ತುಣುಕು, ಹಣಕಾಸು ಮಸೂದೆಯಲ್ಲಿ ಒಂದು, ಮಸೂದೆಯ ವಿವರಣಾ ಪತ್ರದಲ್ಲಿ ಒಂದು. ವಕೀಲರ ಭಾಷೆಯಲ್ಲಿ ಅರ್ಧ ಪುಟದ ವಾಕ್ಯಗಳು. ‘ನಿಮ್ಮ ಆದಾಯ ಇಷ್ಟಿದ್ದರೆ ತೆರಿಗೆ ಇಷ್ಟು’ ಎಂದು ನಾಲ್ಕೈದು ಸಾಲು ಆ್ಯಪ್‌ನ ಮುಖಪುಟದಲ್ಲಿ ಹಾಕಿದ್ದರೆ ನನ್ನಂಥವರ ಅರ್ಧ ಫೆಬ್ರವರಿ ಉಳಿಯುತ್ತಿತ್ತು. ನನ್ನ ಫೀಸೂ ಸ್ವಲ್ಪ ಕಡಿಮೆ ಆಗುತ್ತಿತ್ತೇನೋ, ಆ ಮಾತು ಬೇರೆ.

ಎರಡನೆಯದು ಇನ್ನೂ ಬಿಸಿ ವಿಷಯ. ಕರ್ನಾಟಕದಲ್ಲಿ ಚಹಾದಂಗಡಿಯಿಂದ ವಿಧಾನಸೌಧದವರೆಗೆ ಎಲ್ಲರೂ ಮಾತಾಡುವುದು ತೆರಿಗೆ ಪಾಲಿನ ಬಗ್ಗೆ. 2024ರ ಫೆಬ್ರವರಿಯಲ್ಲಿ ರಾಜ್ಯದ ಮಂತ್ರಿಮಂಡಲವೇ ದೆಹಲಿಯ ಜಂತರ್ ಮಂತರ್‌ಗೆ ಹೋಗಿ ಧರಣಿ ಕೂತಿತ್ತು. ಯಾರ ವಾದ ಸರಿ ಎನ್ನುವುದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಪ್ರಶ್ನೆ ಸರಳ. ವಾದ ಮಾಡುವವರಿಗೆ ಅಂಕಿ ಸುಲಭವಾಗಿ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಹುಡುಕುವ ತಾಳ್ಮೆ ಬೇಕು. ಸರ್ಕಾರಕ್ಕೆ ಬರುವ ಹಣದ ವಿವರವಿರುವ ‘ರಿಸೀಟ್ ಬಜೆಟ್’ ಎನ್ನುವ ದಪ್ಪ ದಾಖಲೆ ತೆರೆದು, ಮುಂದಿನ ಪುಟಗಳನ್ನೆಲ್ಲ ದಾಟಿ, ಅನುಬಂಧಗಳಿಗೆ ಬರಬೇಕು. ಅಲ್ಲಿ ರಾಜ್ಯವಾರು ಪಟ್ಟಿ ಇದೆ. 2025-26ರ ಅಂದಾಜಿನಲ್ಲಿ ಕರ್ನಾಟಕದ ಎದುರಿಗಿರುವುದು ಸುಮಾರು 51,877 ಕೋಟಿ. ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಆ ವರ್ಷ ನಮ್ಮ ಪಾಲು ಶೇ 3.647 ಇತ್ತು. ಈ ಪಾಲು ಎಷ್ಟೆಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 14ನೇ ಆಯೋಗದ ಕಾಲದಲ್ಲಿ ಇದು ಶೇ 4.713 ಇತ್ತು, 15ನೇ ಆಯೋಗ ಇಳಿಸಿತು. ಹಂಚಬೇಕಾದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೂ ಕೂಡಿ ಶೇ 41. ಸೆಸ್ ಮತ್ತು ಸರ್‌ಚಾರ್ಜ್ ಎಂದು ಹೆಚ್ಚುವರಿಯಾಗಿ ವಸೂಲಿ ಮಾಡುವ ಹಣ ಈ ಹಂಚಿಕೆಯ ಒಳಗೆ ಬರುವುದೇ ಇಲ್ಲ. ಈ ನಾಲ್ಕು ಸಂಗತಿ ಗೊತ್ತಿದ್ದರೆ ಚಹಾದಂಗಡಿಯ ಜಗಳ ಎಷ್ಟೋ ಚೆನ್ನಾಗಿರುತ್ತದೆ. ಇವು ಒಂದೇ ಕಡೆ, ಒಂದೇ ಪುಟದಲ್ಲಿ ಇಲ್ಲ.

ನಮ್ಮ ರಾಜ್ಯದ ಬಜೆಟ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ, ಯಾಕೆಂದರೆ ಭಾಷಣ ಕನ್ನಡದಲ್ಲಿರುತ್ತದೆ. 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ಮಂಡಿಸಿದ್ದು 4.09 ಲಕ್ಷ ಕೋಟಿಯ ಬಜೆಟ್, ಅದರಲ್ಲಿ ಸಾಲ 1.16 ಲಕ್ಷ ಕೋಟಿ. ಭಾಗಿಸಿದರೆ ರೂಪಾಯಿಗೆ 28 ಪೈಸೆ. ಗ್ಯಾರಂಟಿಗಳಿಗೆ 51,034 ಕೋಟಿ. ಕನ್ನಡದಲ್ಲಿ ಓದಿದ್ದರಿಂದ ನನ್ನ ಗಿರಾಕಿ, ಖಾನಾವಳಿ ನಡೆಸುವ ಅಕ್ಕಾರಿಗೂ ಇದು ನೆನಪಿದೆ. ಕೇಂದ್ರದ್ದಕ್ಕೆ ಆ ಸರ್ಕಾರದ ಸುದ್ದಿ ವಿಭಾಗವಾದ ಪಿಐಬಿಯವರು ಕನ್ನಡದಲ್ಲಿ ಪ್ರಕಟಣೆ ಹೊರಡಿಸುತ್ತಾರೆ, ಅದು ನಿಜ. ಆದರೆ ಅದನ್ನು ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ಹಿಡಿಯುತ್ತದೆ. ಅವಸರದಲ್ಲಿ ಮಾಡಿದ ಕೆಲಸ, ಅವರನ್ನು ದೂರಿಯೂ ಪ್ರಯೋಜನವಿಲ್ಲ. ಇಡೀ ದೇಶದ ಸುದ್ದಿ ಒಂದೇ ಮಧ್ಯಾಹ್ನ ಬಂದು ಬೀಳುತ್ತದೆ.

ಹಾಗಾದರೆ ಸರ್ಕಾರದವರಿಗೆ ಜನರ ಭಾಷೆಯಲ್ಲಿ ಅರ್ಥಶಾಸ್ತ್ರ ಹೇಳಲು ಬರುವುದೇ ಇಲ್ಲವೇ? ಬರುತ್ತದೆ. ಅದೇ ಬಜೆಟ್ ವೆಬ್‌ಸೈಟಿನ ಹಳೆಯ ಕಡತಗಳಲ್ಲಿ ಒಂದು ರತ್ನ ಇದೆ.

2020ರ ಜನವರಿ 31ರಂದು ಮಂಡಿಸಿದ 2019-20ರ ಆರ್ಥಿಕ ಸಮೀಕ್ಷೆ, ಅಂದರೆ ದೇಶದ ಹಣಕಾಸಿನ ಸ್ಥಿತಿ ಹೇಗಿದೆ ಎಂದು ಬಜೆಟ್‌ಗೆ ಮುಂಚೆ ಸರ್ಕಾರ ಕೊಡುವ ವರದಿ. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದವರು ಕೃಷ್ಣಮೂರ್ತಿ ಸುಬ್ರಮಣಿಯನ್. ಮೊದಲ ಸಂಪುಟದ 11ನೇ ಅಧ್ಯಾಯದ ಹೆಸರು ‘ಥಾಲಿನಾಮಿಕ್ಸ್’. ಒಂದು ತಟ್ಟೆ ಊಟದ ಅರ್ಥಶಾಸ್ತ್ರ. ಬೆಲೆ ಏರಿಕೆಯನ್ನು ಶೇಕಡಾವಾರು ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ, ಒಂದು ಊಟಕ್ಕೆ ಎಷ್ಟು ಬೀಳುತ್ತದೆ ಎಂದು ನೋಡೋಣ ಎಂದು ಹೊರಟರು. ಧಾನ್ಯ, ಪಲ್ಯ, ಬೇಳೆ, ಇಷ್ಟು ಸಸ್ಯಾಹಾರಿ ತಟ್ಟೆ. ಬೇಳೆಯ ಜಾಗದಲ್ಲಿ ಮಾಂಸಾಹಾರ ಇಟ್ಟರೆ ಇನ್ನೊಂದು ತಟ್ಟೆ. 25 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 80ರಷ್ಟು ಕೇಂದ್ರಗಳಿಂದ 2006ರ ಏಪ್ರಿಲ್‌ನಿಂದ 2019ರ ಅಕ್ಟೋಬರ್‌ವರೆಗಿನ ಬೆಲೆ ತೆಗೆದುಕೊಂಡರು. ಅದನ್ನು ಕೆಲಸಗಾರನ ದಿನದ ಪಗಾರದ ಪಕ್ಕ ಇಟ್ಟರು.

ಬಂದ ಉತ್ತರ ಹೀಗಿತ್ತು. ಐದು ಜನರ ಮನೆ, ದಿನಕ್ಕೆ ಎರಡು ಹೊತ್ತು ಸಸ್ಯಾಹಾರಿ ಊಟ ಎಂದರೆ 2006-07ರಲ್ಲಿ ದಿನದ ಪಗಾರದ ಸುಮಾರು ಶೇ 70 ಅದಕ್ಕೇ ಹೋಗುತ್ತಿತ್ತು. 2019-20ರಲ್ಲಿ ಸುಮಾರು ಶೇ 50 ಸಾಕು. ಊಟ ಕೈಗೆಟುಕುವುದು ಸಸ್ಯಾಹಾರಿಗೆ ಶೇ 29, ಮಾಂಸಾಹಾರಿಗೆ ಶೇ 18ರಷ್ಟು ಸುಧಾರಿಸಿದೆ ಎಂದರು. 2015-16ರಿಂದೀಚೆಗಿನ ಬೆಲೆ ಇಳಿಕೆಯಿಂದ ಸಸ್ಯಾಹಾರಿ ಕುಟುಂಬಕ್ಕೆ ವರ್ಷಕ್ಕೆ ಸರಾಸರಿ 10,887 ರೂಪಾಯಿ ಉಳಿದಿದೆ ಎಂದೂ ಲೆಕ್ಕ ಕೊಟ್ಟರು.

ಇದನ್ನು ಖಾನಾವಳಿಯ ಅಕ್ಕಾರಿಗೆ ಓದಿ ಹೇಳಿದೆ. ಊಟದ ಹೊತ್ತು ಮುಗಿದು, ತಟ್ಟೆಗಳೆಲ್ಲ ಹಿಂದೆ ಹೋಗಿ, ಅವರು ರೊಟ್ಟಿ ಬುಟ್ಟಿ ಎಣಿಸುತ್ತಾ ಕೂತಿದ್ದರು. ಪೂರ್ತಿ ಕೇಳಿಸಿಕೊಂಡು ಒಂದಾದ ಮೇಲೊಂದು ತಕರಾರು ತೆಗೆದರು.

"ಇದರಾಗ ಮಸರ ಎಲ್ಲೈತ್ರಿ?" ಇಲ್ಲ. "ಶೇಂಗಾ ಚಟ್ನಿ?" ಇಲ್ಲ. "ಜ್ವಾಳದ ರೊಟ್ಟಿ ಹಿಡದಾರೋ, ಬರೇ ಅಕ್ಕಿ-ಗೋದಿನೋ?" ಅಲ್ಲೇ ಅವರಿಗೆ ಅರ್ಧ ವಿಶ್ವಾಸ ಹೋಯಿತು. ಆಮೇಲೆ ಬಂದದ್ದು ನಿಜವಾದ ಪ್ರಶ್ನೆ. "ಪಗಾರ ಅಂದ್ರ ಯಾರ ಪಗಾರ್ರೀ?"

ಎಂಥ ಪ್ರಶ್ನೆ ನೋಡಿ! ಆ ಅಧ್ಯಾಯದಲ್ಲಿ ಹಿಡಿದಿರುವುದು ಕಾರ್ಖಾನೆ ಕೆಲಸಗಾರರ ಸರಾಸರಿ ಸಂಬಳ, ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಿಂದ ತೆಗೆದದ್ದು. ಅಂದರೆ ನೋಂದಾಯಿತ ಕಾರ್ಖಾನೆ. ಅಕ್ಕಾರ ಖಾನಾವಳಿಯಲ್ಲಿ ತಟ್ಟೆ ತೊಳೆಯುವವಳು, ಮನೆಯಲ್ಲಿ ರೊಟ್ಟಿ ಬಡಿದು ತಂದು ಕೊಡುವ ಹೆಂಗಸರು, ಮಾರ್ಕೆಟ್‌ನಲ್ಲಿ ಚೀಲ ಹೊರುವವರು ಆ ಸರಾಸರಿಯಲ್ಲಿ ಇಲ್ಲ. ಅವರ ಪಗಾರ ಇಟ್ಟು ಇದೇ ಲೆಕ್ಕ ಮಾಡಿದರೆ ಶೇ 50 ಅಲ್ಲ, ಬೇರೇನೋ ಬರುತ್ತದೆ. ಏಳು ನಿಮಿಷದ ಓದಿನಲ್ಲಿ ಅವರು ಸರಿಯಾಗಿ ಅಲ್ಲಿಗೇ ಕೈ ಇಟ್ಟರು.

ಇನ್ನೊಂದು ತಕರಾರು ನನ್ನದು. ಅಂಕಿ 2019ರ ಅಕ್ಟೋಬರ್‌ಗೆ ನಿಲ್ಲುತ್ತದೆ. ಆಮೇಲೆ ಏನಾಯಿತು ನೆನಪಿದೆಯಲ್ಲ? ಡಿಸೆಂಬರ್‌ನಲ್ಲಿ ಈರುಳ್ಳಿ ಕೆಜಿಗೆ ನೂರು ದಾಟಿತು. ಆ ತಿಂಗಳ ಚಿಲ್ಲರೆ ಹಣದುಬ್ಬರ ಶೇ 7.35, ಜನವರಿಯಲ್ಲಿ ಶೇ 7.59. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಹೆಚ್ಚೆಂದರೆ 6. ಊಟ ಅಗ್ಗವಾಯಿತು ಎಂದು ಪುಸ್ತಕ ಹೊರಬಂದ ದಿನ ಈರುಳ್ಳಿ ಹೆಚ್ಚಲು ಜನ ಯೋಚನೆ ಮಾಡುತ್ತಿದ್ದರು. 2019ರಲ್ಲಿ ಬೆಲೆ ಮತ್ತೆ ಏರಿದೆ ಎಂದು ಅಧ್ಯಾಯವೂ ಒಪ್ಪಿಕೊಳ್ಳುತ್ತದೆ. ಆದರೆ ಮರುದಿನದ ಸುದ್ದಿಯಲ್ಲಿ ಉಳಿದದ್ದು 29 ಒಂದೇ.

ಇಷ್ಟೆಲ್ಲ ತಪ್ಪು ಹುಡುಕಿದ ಮೇಲೂ ನಾನು ಅದಕ್ಕೆ ಐದಕ್ಕೆ ಐದು ಕೊಡುತ್ತೇನೆ. ಹುಡುಕಲು ಸಾಧ್ಯವಾಯಿತು ಎನ್ನುವುದೇ ಕಾರಣ. ತಟ್ಟೆಯಲ್ಲಿ ಏನಿದೆ, ಬೆಲೆ ಎಲ್ಲಿಂದ ತಂದರು, ಪಗಾರ ಯಾರದ್ದು ಎಂದು ಬಿಡಿಸಿ ಇಟ್ಟಿದ್ದಾರೆ. ಅಂಕಿಯ ಹಿಂದೆ ಅಡಗಿ ಕೂತಿಲ್ಲ. ಈಗ ಕ್ರಿಸಿಲ್ ಎಂಬ ರೇಟಿಂಗ್ ಸಂಸ್ಥೆ ತಿಂಗಳು ತಿಂಗಳು ‘ರೋಟಿ ರೈಸ್ ರೇಟ್’ ಎಂದು ಇಂಥದ್ದೇ ಲೆಕ್ಕ ಹೊರಡಿಸುತ್ತದೆ. ಮನೆಯಲ್ಲಿ ಮಾಡುವ ಊಟದ ಖರ್ಚು, ರೊಟ್ಟಿ, ಅನ್ನ, ಬೇಳೆ, ಪಲ್ಯ, ಅದರಲ್ಲಿ ಮೊಸರೂ ಇದೆ. ಟೊಮೆಟೊ ಏರಿತು, ಕೋಳಿ ಇಳಿಯಿತು, ಆದ್ದರಿಂದ ತಟ್ಟೆ ಇಷ್ಟಾಯಿತು ಎಂದು ಕಾರಣವನ್ನೂ ಹೇಳುತ್ತಾರೆ. ಅಕ್ಕಾರಿಗೆ ಅದೂ ಪೂರ್ತಿ ಒಪ್ಪಿಗೆಯಿಲ್ಲ. ಅವರ ದೊಡ್ಡ ಖರ್ಚು ಬಾಡಿಗೆ, ಆಳು, 19 ಕೆಜಿಯ ಗ್ಯಾಸ್ ಸಿಲಿಂಡರ್. ಇರಲಿ, ಅದು ಮನೆಯ ಲೆಕ್ಕ, ಇದು ಹೋಟೆಲ್ ಲೆಕ್ಕ.

ಹೇಳಲೇಬೇಕಾದ ಇನ್ನೊಂದು ಒಳ್ಳೆಯ ಉದಾಹರಣೆ ಜಿಎಸ್‌ಟಿಯದ್ದು. 2025ರ ಸೆಪ್ಟೆಂಬರ್ 22ರಿಂದ ದರ ಬದಲಾಯಿತು. ಅದಕ್ಕೆ ಮುಂಚೆ ಬಂದ ಪಟ್ಟಿ ನೋಡಿದ್ದೀರಾ? ವಸ್ತು, ಹಿಂದಿನ ದರ, ಹೊಸ ದರ. ಅಷ್ಟೇ. ಟೂತ್‌ಪೇಸ್ಟ್, ಸಾಬೂನು, ಶಾಂಪೂ 18 ಇದ್ದದ್ದು 5. ತುಪ್ಪ, ಬೆಣ್ಣೆ 12 ಇದ್ದದ್ದು 5. ಪ್ಯಾಕೆಟ್ ಪನೀರ್ 5 ಇದ್ದದ್ದು ಶೂನ್ಯ. ನಮ್ಮ ಕಿರಾಣಿಯವರು ನನ್ನ ಹತ್ತಿರ ಬರಲೇ ಇಲ್ಲ, ತಾವೇ ಓದಿಕೊಂಡು ಹಳೆ ಸ್ಟಾಕಿನ ಲೆಕ್ಕ ಮಾಡಿಕೊಂಡರು. ಯಾರೂ ಭಾಷಣ ಮಾಡಲಿಲ್ಲ. ಮೂರು ಕಾಲಮ್ ಸಾಕಾಯಿತು.

ಅದೇ ವರ್ಷದ ಜುಲೈ ನೆನೆಸಿಕೊಳ್ಳಿ. ಯುಪಿಐ ವ್ಯವಹಾರದ ಲೆಕ್ಕ ಹಿಡಿದು ರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದವು. ಒಂದೇ ವಾರದಲ್ಲಿ ಅಂಗಡಿಗಳ ಮುಂದೆ ‘ಫೋನ್‌ಪೇ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು. ಫೋನಿನಲ್ಲಿ ತಗೊಂಡರೆ ತೆರಿಗೆ, ಕೈಯಲ್ಲಿ ತಗೊಂಡರೆ ಇಲ್ಲ ಎಂದು ಊರೆಲ್ಲ ಮಾತು. ತೆರಿಗೆ ಬೀಳುವುದು ವಹಿವಾಟಿಗೆ, ದುಡ್ಡು ಹೇಗೆ ಬಂತು ಎನ್ನುವುದಕ್ಕಲ್ಲ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ. ಬರೀ ತೆರಿಗೆಯಿಲ್ಲದ ಸರಕು, ಉದಾಹರಣೆಗೆ ತರಕಾರಿ, ಮಾರುವವರಿಗೆ ನೋಂದಣಿಯೇ ಬೇಡ. ಈ ಮೂರು ವಾಕ್ಯ ಕನ್ನಡದಲ್ಲಿ ಪ್ರತಿ ಅಂಗಡಿಗೆ ಮೊದಲೇ ಮುಟ್ಟಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆ ‘ಜಿಎಸ್‌ಟಿ ತಿಳಿಯಿರಿ’ ಎಂಬ ಅಭಿಯಾನ ಶುರು ಮಾಡಿದ್ದು ಗಲಾಟೆ ಎದ್ದ ಮೇಲೆ.

ಸರಿ, ಆ್ಯಪ್‌ಗೆ ವಾಪಸ್ ಬರೋಣ. ಅಂಕ ಕೊಡುವುದಾದರೆ, ಮಾಹಿತಿ ಪೂರ್ತಿ ಇದೆಯೇ ಎನ್ನುವುದಕ್ಕೆ 5. ಉಚಿತವೇ, ನಂಬಬಹುದೇ ಎನ್ನುವುದಕ್ಕೆ 5. ಮೊಬೈಲಿನಲ್ಲಿ ಓದಲು ಸುಲಭವೇ ಎಂದರೆ 2. ಭಾಷೆಗೆ 1, ಅದೂ ಹಿಂದಿ ಬಲ್ಲವರಿಗಾದರೂ ಉಪಯೋಗ ಆಗುತ್ತದಲ್ಲ ಎಂದು. ‘ನಮಗೇನ ಐತ್ರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆಯೇ ಎಂದರೆ ಸೊನ್ನೆ. ಒಟ್ಟಾರೆ ನನ್ನದು 5ಕ್ಕೆ 3, ಅದರಲ್ಲಿ ಒಂದು ಅಂಕ ಆ ರೂಪಾಯಿಯ ಚಕ್ರಗಳದ್ದೇ.

ಹೊಸದಾಗಿ ಹಾಕಿಕೊಳ್ಳುವವರಿಗೆ ಒಂದಿಷ್ಟು ಕಿವಿಮಾತು. ಬಜೆಟ್ ವೆಬ್‌ಸೈಟಿನಲ್ಲೇ ಆ್ಯಪ್‌ನ ಕೊಂಡಿ ಇದೆ, ಅಲ್ಲಿಂದಲೇ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಭಾಷಣದಿಂದ ಶುರು ಮಾಡಬೇಡಿ, ಮೊದಲು ‘ಬಜೆಟ್ ಅಟ್ ಎ ಗ್ಲಾನ್ಸ್’ ತೆರೆಯಿರಿ. ಚಕ್ರದ ಪುಟ, ಕೆಳಗಿನ ಟಿಪ್ಪಣಿ, ಆಮೇಲೆ ಮೊದಲ ಪುಟದ ದೊಡ್ಡ ಲೆಕ್ಕ. ನಂತರ ಭಾಷಣದಲ್ಲಿ ತೆರಿಗೆಯ ಭಾಗ, ಕೊನೆಯ ಕೋಷ್ಟಕಗಳು. ರಾಜ್ಯದ ಪಾಲು ಬೇಕಿದ್ದರೆ ‘ರಿಸೀಟ್ ಬಜೆಟ್’ನ ಅನುಬಂಧ. ಚಿಕ್ಕ ಪರದೆಯಲ್ಲಿ ಕಣ್ಣು ನೋಯಿಸಿಕೊಳ್ಳುವುದಕ್ಕಿಂತ ಚಕ್ರದ ಆ ಒಂದು ಪುಟವನ್ನು ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳಿ. ಕಲರ್ ಬೇಡ, ಕಪ್ಪು-ಬಿಳುಪು ಸಾಕು, ಪೈಸೆಗಳನ್ನು ಚಿತ್ರದ ಮೇಲೇ ಬರೆದಿರುತ್ತಾರೆ.